ಕೊರೋನ್‌ನಲ್ಲಿ ಮುಳುಗಿದ ಜಪಾನಿ ಹಡಗುಗಳ ಡೈವಿಂಗ್: ಹಡಗಿಗೆ 5 ಸ್ಟಾರ್, ಬ್ರೀಫಿಂಗ್‌ಗೆ 2

ಫಿಲಿಪೀನ್ಸ್‌ನ ಕೊರೋನ್‌ನಲ್ಲಿ ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಹಡಗುಗಳ ಒಳಗೆಲ್ಲಾ ಸ್ಕೂಬಾ ಮಾಡಿಸ್ತಾರಲ್ಲ, ಆ ಸರ್ವಿಸ್ ಬಗ್ಗೆ ಈ ರಿವ್ಯೂ. ಶಾಪ್ ಹೆಸರು ಹಾಕ್ತಾ ಇಲ್ಲ, ಊರಲ್ಲಿ ಸಾಲಾಗಿ ಡೈವ್ ಶಾಪ್‌ಗಳಿದಾವೆ, ಎಲ್ರೂ ಇದೇ ಹಡಗುಗಳಿಗೆ ಇದೇ ತರ ದೋಣಿಲಿ ಹೆಚ್ಚು ಕಮ್ಮಿ ಇದೇ ರೇಟಿಗೆ ಕರ್ಕೊಂಡು ಹೋಗ್ತಾರೆ. ಮೊದ್ಲೇ ಹೇಳ್ಬಿಡ್ತೀನಿ, ನೀರೊಳಗೆ ನೋಡಿದ್ದಕ್ಕೆ ಕೊಟ್ಟ ದುಡ್ಡು ಏನೇನೂ ಅಲ್ಲ, ಅಷ್ಟು ಚೆನ್ನಾಗಿದೆ. ಆದ್ರೆ ಆ ಹಡಗುಗಳು ಅಲ್ಲಿಗ್ಯಾಕೆ ಬಂದ್ವು, ಯಾರು ಮುಳುಗಿಸಿದ್ರು, ಹೇಗೆ ಮುಳುಗಿಸಿದ್ರು ಅಂತ ಸರಿಯಾಗಿ ಹೇಳೋರು ಒಬ್ರೂ ಸಿಗ್ಲಿಲ್ಲ, ಅದು ಗೊತ್ತಿಲ್ದೆ ಒಳಗೆ ಇಳಿದ್ರೆ ತುಕ್ಕು ಹಿಡಿದ ಕಬ್ಬಿಣ, ಮೀನು, ಸೆಲ್ಫಿ ಅಷ್ಟೇ. ಅದಕ್ಕೇ ಇಷ್ಟುದ್ದ ಬರೀತಿರೋದು, ಟೈಮ್ ಇರೋರು ಓದಿ.

ಹೋಗೋದು ಹೇಗೆ ಅಂದ್ರೆ ಮನಿಲಾ ಅಥವಾ ಸೆಬುವಿಂದ ಬುಸುವಾಂಗಾ ಏರ್‌ಪೋರ್ಟಿಗೆ ಚಿಕ್ಕ ವಿಮಾನ, ಅಲ್ಲಿಂದ ವ್ಯಾನ್‌ನಲ್ಲಿ ಅರ್ಧ ಮುಕ್ಕಾಲು ಗಂಟೆ. ಕೊರೋನ್ ಟೌನ್ ಇರೋದು ಬುಸುವಾಂಗಾ ದ್ವೀಪದಲ್ಲಿ, ಎದುರುಗಡೆ ಸುಣ್ಣದ ಕಲ್ಲಿನ ಕಡಿದಾದ ಬೆಟ್ಟಗಳಿರೋ ದ್ವೀಪದ ಹೆಸರು ಕೊರೋನ್ ಐಲ್ಯಾಂಡ್, ಅದು ತಗ್ಬನ್ವಾ ಅನ್ನೋ ಮೂಲನಿವಾಸಿಗಳ ಜಾಗ, ಬುಕಿಂಗ್ ಮಾಡುವಾಗ ಎರಡನ್ನೂ ಕನ್‌ಫ್ಯೂಸ್ ಮಾಡ್ಕೋಬೇಡಿ. ಸ್ವಂತ ಗೇರ್ ಇರೋರು ಬ್ಯಾಗೇಜ್ ತೂಕ ಮುಂಚೇನೇ ಕೊಂಡ್ಕೊಂಡ್ಬಿಡಿ, ಕೌಂಟರ್‌ನಲ್ಲಿ ಕೊಡೋಕೆ ಹೋದ್ರೆ ಜೇಬಿಗೆ ಕತ್ತರಿ.

ಇನ್ನು ಯಾರು ಮಾಡ್ಬಹುದು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಇನ್‌ಸ್ಟ್ರಕ್ಟರ್ ಕೈ ಹಿಡ್ಕೊಂಡು ಇಳಿದು ವಿಡಿಯೋ ಮಾಡಿಸ್ಕೊಂಡು ಬಂದಿರೋದು ಇಲ್ಲಿ ಲೆಕ್ಕಕ್ಕಿಲ್ಲ. ಕನಿಷ್ಠ ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಸರ್ಟಿಫಿಕೇಟ್ ಬೇಕು, ಇರಾಕೋ, ಅಕಿತ್ಸುಶಿಮಾ ಅನ್ನೋ ಎರಡು ದೊಡ್ಡ ಹಡಗು ನೋಡ್ಬೇಕಂದ್ರೆ ಅದರ ಮುಂದಿನ ಅಡ್ವಾನ್ಸ್ಡ್ ಬೇಕೇ ಬೇಕು, ಜೊತೆಗೆ ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ ಸೇರಿಸಿರೋ ಗಾಳಿ) ಕಾರ್ಡ್ ಇದ್ರೆ ಇನ್ನೂ ಒಳ್ಳೇದು. ಸರ್ಟಿಫಿಕೇಟ್ ಇಲ್ದಿರೋರಿಗೆ ಲೂಸಾಂಗ್ ಗನ್‌ಬೋಟ್ ಅಂತ ಒಂದಿದೆ, ಹಡಗಿನ ಹಿಂಭಾಗ ನೀರಿನ ಮಟ್ಟಕ್ಕೆ ಮೂರ್ನಾಲ್ಕು ಅಡಿ ಕೆಳಗೇ ಬಂದ್ಬಿಡುತ್ತೆ, ಮಾಸ್ಕ್ ಸ್ನಾರ್ಕೆಲ್ ಹಾಕ್ಕೊಂಡು ಮೇಲಿಂದ್ಲೇ ನೋಡ್ಬಹುದು, ಮನೆಯವರನ್ನೂ ಮಕ್ಕಳನ್ನೂ ಅಲ್ಲಿಗೆ ಕರ್ಕೊಂಡು ಹೋಗಿ ಸಮಾಧಾನ ಮಾಡ್ಬಹುದು.

ಬೆಳಗ್ಗೆ ಎಂಟರ ಹೊತ್ತಿಗೆ ದೋಣಿ ಹೊರಡುತ್ತೆ. ಬಂಕಾ ಅಂತಾರೆ, ಎರಡೂ ಕಡೆ ಬಿದಿರಿನ ತೋಳು ಚಾಚಿರೋ ಮರದ ದೋಣಿ, ಇಂಜಿನ್ ಸೌಂಡ್ ಎಷ್ಟಂದ್ರೆ ಪಕ್ಕದವ್ರ ಹತ್ರ ಮಾತಾಡೋಕೂ ಕಿರುಚಬೇಕು. ಗೇರ್ ಚೆನ್ನಾಗಿತ್ತು, ಟ್ಯಾಂಕ್‌ಗಳು ಅಲ್ಯುಮಿನಿಯಂ, ಗಾಳಿಗೆ ಕೆಟ್ಟ ವಾಸನೆ ಏನಿಲ್ಲ, ಹುಡುಗರು ಅಂತೂ ಬಂಗಾರದಂಥವ್ರು, ಫಿನ್ ಹಾಕೋಕೂ ಬಿಡಲ್ಲ, "ಓಕೆ ಸರ್, ಓಕೆ ಸರ್" ಅಂತ ಅವ್ರೇ ಹಾಕ್ತಾರೆ. ಊಟ ದೋಣಿಲೇ, ಅನ್ನ, ಸುಟ್ಟ ಮೀನು, ಚಿಕನ್ ಅಡೋಬೋ, ಪೈನಾಪಲ್. ವೆಜಿಟೇರಿಯನ್ ಅಂತ ಹಿಂದಿನ ದಿನಾನೇ ಹೇಳಿ, ಹೇಳಿದ್ರೂ ಮೀನು ತಿಂತಾರೆ ಅಂದ್ಕೊಂಡು ಮೀನಿನ ಸಾಸ್ ಹಾಕಿರೋ ತರಕಾರಿ ಕೊಡ್ತಾರೆ, ನನ್ ಫ್ರೆಂಡ್ ಒಬ್ಬ ಪಕ್ಕಾ ವೆಜ್ಜು, ಬರೀ ಅನ್ನಕ್ಕೆ ಚಟ್ನಿಪುಡಿ ಕಲಸ್ಕೊಂಡು ಬಾಳೆಹಣ್ಣು ತಿಂದು ದಿನ ತಳ್ಳಿದ. ಮೊಂಗೋ ಅಂತ ಹೆಸರುಕಾಳಿನ ಸಾರು ಮಾಡ್ತಾರೆ, ಮಾಂಸ ಹಾಕ್ದೆ ಮಾಡಿ ಅಂತ ಕೇಳಿದ್ರೆ ಸಿಗುತ್ತೆ, ನಮಗೆ ಅದು ಗೊತ್ತಾಗಿದ್ದು ಲೇಟಾಗಿ.

ಸರಿ, ಈಗ ಬ್ರೀಫಿಂಗ್ ವಿಷ್ಯ. ವೈಟ್‌ಬೋರ್ಡ್ ಮೇಲೆ ಹಡಗಿನ ಚಿತ್ರ ನೀಟಾಗಿ ಬರೆದಿದ್ರು, ಎಲ್ಲಿ ಒಳಗೆ ಹೋಗೋದು, ಎಲ್ಲಿ ಹೊರಗೆ ಬರೋದು, ಆಳ ಎಷ್ಟು, ಎಲ್ಲಾ ಇತ್ತು. ಹಿಸ್ಟರಿ ಏನಪ್ಪಾ ಅಂತ ಕೇಳಿದ್ದಕ್ಕೆ ಗೈಡ್ ಹೇಳಿದ್ದು ಎರಡೇ ವಾಕ್ಯ, ಅಮೇರಿಕಾದವ್ರು ಮನಿಲಾದಿಂದ ಪ್ಲೇನ್‌ನಲ್ಲಿ ಬಂದು ಬಾಂಬ್ ಹಾಕಿದ್ರು, ಜಪಾನ್ ಹಡಗು ಮುಳುಗಿತು, ಮುಗೀತು. ಅಲ್ಲ ಸ್ವಾಮಿ, 1944ರ ಸೆಪ್ಟೆಂಬರ್‌ನಲ್ಲಿ ಮನಿಲಾ ಇದ್ದಿದ್ದೇ ಜಪಾನ್ ಕೈಲಿ! ಅಲ್ಲಿಂದ ಅಮೇರಿಕಾದ ಪ್ಲೇನ್ ಹೇಗ್ರೀ ಹಾರುತ್ತೆ. ಇಡೀ ಬ್ರೀಫಿಂಗ್‌ನಲ್ಲಿ ಕ್ಯಾರಿಯರ್ (ವಿಮಾನ ಹಾರಿಸೋ, ಇಳಿಸೋ ಯುದ್ಧನೌಕೆ) ಅನ್ನೋ ಮಾತು ಒಂದ್ಸಲಾನೂ ಬರ್ಲಿಲ್ಲ, ಈ ಕಥೆಲಿ ಇರೋದೇ ಕ್ಯಾರಿಯರ್, ಅದನ್ನ ತೆಗೆದ್ರೆ ಉಳಿಯೋದೇನು.

ನಡೆದಿದ್ದು ಹೀಗೆ. 1944ರ ಹೊತ್ತಿಗೆ ಜಪಾನ್‌ಗೆ ತಲೆನೋವಾಗಿದ್ದು ಎಣ್ಣೆ. ಎಣ್ಣೆ ಇದ್ದಿದ್ದು ಬೋರ್ನಿಯೋ, ಸುಮಾತ್ರಾ ಕಡೆ, ಫ್ಯಾಕ್ಟರಿಗಳು ಇದ್ದಿದ್ದು ಜಪಾನ್‌ನಲ್ಲಿ, ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರ, ಆ ದಾರಿಗೆ ಕಾವಲಿದ್ದಂಗೆ ಇರೋದು ಫಿಲಿಪೀನ್ಸ್. ಎಣ್ಣೆ ಅಷ್ಟೇ ಅಲ್ಲ, ಅಕ್ಕಿ, ರಬ್ಬರು, ಅದಿರು, ಸೈನಿಕರು, ಎಲ್ಲಾ ಹಡಗಲ್ಲೇ ಓಡಾಡ್ಬೇಕು. ಹಡಗು ಇಲ್ಲಾಂದ್ರೆ ದ್ವೀಪಗಳಲ್ಲಿ ಕೂತಿರೋ ಸೈನ್ಯ ಇದ್ದೂ ಇಲ್ದಂಗೆ. ಜಾಸ್ತಿ ಹಡಗು ಮುಳುಗಿಸಿದ್ದು ಅಮೇರಿಕಾದ ಸಬ್‌ಮರೀನ್‌ಗಳೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಬಂದರಲ್ಲಿ, ಕೊಲ್ಲಿಲಿ ಬಚ್ಚಿಟ್ಕೊಂಡಿರೋ ಹಡಗನ್ನ ಸಬ್‌ಮರೀನ್ ಮುಟ್ಟೋಕಾಗಲ್ಲ, ಅಲ್ಲಿಗೆ ಬೇಕಾಗಿದ್ದು ವಿಮಾನ. ಹತ್ರದಲ್ಲಿ ಏರ್‌ಫೀಲ್ಡ್ ಇಲ್ದಿದ್ರೆ ಏರ್‌ಫೀಲ್ಡನ್ನೇ ಸಮುದ್ರದ ಮೇಲೆ ತರೋದು. 1944 ಫೆಬ್ರವರಿ 17, 18ಕ್ಕೆ ಪೆಸಿಫಿಕ್ ಸಮುದ್ರದ ಟ್ರಕ್ ಲಗೂನ್ ಅನ್ನೋ ಜಪಾನಿ ನೌಕಾನೆಲೆ ಮೇಲೆ ಹೀಗೇ ಮಾಡಿ ಹೆಚ್ಚು ಕಮ್ಮಿ 2 ಲಕ್ಷ ಟನ್ ಹಡಗು ಮುಳುಗಿಸಿದ್ರು, ಮಾರ್ಚ್ ಕೊನೇಲಿ ಪಲಾವ್ ಮೇಲೆ ಅದೇ ಆಟ. ಸೆಪ್ಟೆಂಬರ್‌ಗೆ ಫಿಲಿಪೀನ್ಸ್ ಸರದಿ.

ಅಮೇರಿಕಾ ಕಡೆ ಮೇಲಿನ ಬಾಸ್ ಅಡ್ಮಿರಲ್ ಹಾಲ್ಸಿ, ಕ್ಯಾರಿಯರ್‌ಗಳ ಗುಂಪು ಟಾಸ್ಕ್ ಫೋರ್ಸ್ 38, ಅದನ್ನ ನಡೆಸ್ತಿದ್ದೋರು ಮಿಚರ್. ಸೆಪ್ಟೆಂಬರ್ 21ಕ್ಕೆ ಮನಿಲಾ ಬೇ ಮೇಲೆ ದಾಳಿ ಮಾಡಿದ್ರು, ಅಲ್ಲಿ ಬದುಕುಳಿದ ಹಡಗುಗಳು ಎದ್ನೋ ಬಿದ್ನೋ ಅಂತ ಓಡಿದ್ವು, ಒಂದಷ್ಟು ಬಂದು ಸೇರ್ಕೊಂಡಿದ್ದು ಕೊರೋನ್ ಕೊಲ್ಲಿಗೆ. ಮ್ಯಾಪ್ ನೋಡಿದ್ರೆ ಯಾಕಂತ ಗೊತ್ತಾಗುತ್ತೆ. ಅಮೇರಿಕಾದ ಕ್ಯಾರಿಯರ್‌ಗಳು ಇದ್ದಿದ್ದು ಫಿಲಿಪೀನ್ಸ್‌ನ ಪೂರ್ವಕ್ಕೆ, ಪೆಸಿಫಿಕ್ ಕಡೆ, ಕೊರೋನ್ ಇರೋದು ಪಶ್ಚಿಮದ ಅಂಚಲ್ಲಿ, ನಡುವೆ ಇಡೀ ದ್ವೀಪಸಮೂಹ. ಅಷ್ಟು ದೂರ ಕ್ಯಾರಿಯರ್ ಪ್ಲೇನ್ ಬಾಂಬ್ ಹೊತ್ಕೊಂಡು ಬಂದು ವಾಪಸ್ ಹೋಗೋಕಾಗಲ್ಲ ಅಂತ ಲೆಕ್ಕ ಹಾಕಿರ್ಬೇಕು, ಜೊತೆಗೆ ಸುತ್ತ ಬೆಟ್ಟದ ದ್ವೀಪಗಳು, ಅದರ ಮಗ್ಗುಲಲ್ಲಿ ಲಂಗರು ಹಾಕಿ ಕೂತ್ರೆ ದೂರದಿಂದ ಕಾಣೋದೂ ಇಲ್ಲ.

ಮೂರೇ ದಿನ. ಸೆಪ್ಟೆಂಬರ್ 24ರ ಬೆಳಗ್ಗೆ ಒಂಬತ್ತರ ಸುಮಾರಿಗೆ ಹೆಲ್‌ಕ್ಯಾಟ್ ಫೈಟರ್‌ಗಳು, ಹೆಲ್‌ಡೈವರ್ ಡೈವ್ ಬಾಂಬರ್‌ಗಳು ತಲೆ ಮೇಲೆ ಬಂದ್ವು, 500 ಕಿಲೋಮೀಟರ್‌ಗಿಂತ ಜಾಸ್ತಿ ದೂರದಿಂದ. ವಾಪಸ್ ಅಷ್ಟೇ ದೂರ ಹೋಗ್ಬೇಕು, ಅದೂ ಇಳಿಯೋ ಜಾಗ ಹೊರಟಾಗ ಎಲ್ಲಿತ್ತೋ ಈಗ ಅಲ್ಲೇ ಇರಲ್ಲ, ಕ್ಯಾರಿಯರ್ ಓಡ್ತಾನೇ ಇರುತ್ತೆ, ಅದನ್ನ ಸಮುದ್ರದಲ್ಲಿ ಹುಡುಕಿ ಉಳಿದಿರೋ ಪೆಟ್ರೋಲ್‌ನಲ್ಲೇ ಇಳೀಬೇಕು. ಹಂಗಾಗಿ ಗುರಿ ಮೇಲೆ ಸುತ್ತು ಹೊಡ್ಕೊಂಡು ಕೂರೋಕೆ ಟೈಮಿಲ್ಲ, ಬಂದಿದ್ದೇ ಹೊಡೆದಿದ್ದೇ ಹೋಗಿದ್ದೇ. ಇಂಥ ದಾಳಿಲಿ ಕೆಲಸ ಹಂಚ್ಕೊಳ್ಳೋ ರೀತಿ ಹೆಂಗಿರ್ತಿತ್ತು ಅಂದ್ರೆ ಮೊದ್ಲು ಹೆಲ್‌ಕ್ಯಾಟ್‌ಗಳು ಕೆಳಗೆ ಬಂದು ಮಷಿನ್ ಗನ್‌ನಲ್ಲಿ ಡೆಕ್ ಮೇಲಿರೋ ವಿಮಾನ ಹೊಡೆಯೋ ತೋಪುಗಳ ಬಾಯಿ ಮುಚ್ಚಿಸ್ತವೆ, ಅದರ ಹಿಂದೇನೇ ಹೆಲ್‌ಡೈವರ್‌ಗಳು ಹೆಚ್ಚು ಕಮ್ಮಿ ನೆಟ್ಟಗೆ ಕೆಳಗೆ ಧುಮುಕಿ ಬಾಂಬ್ ಬಿಟ್ಟು ಮೇಲೇಳ್ತವೆ. ಸಮುದ್ರದಲ್ಲಿ ಓಡ್ತಿರೋ ಹಡಗಾದ್ರೆ ಸ್ಟೀರಿಂಗ್ ತಿರುಗಿಸಿ ತಪ್ಪಿಸ್ಕೊಳ್ಳೋಕೆ ನೋಡ್ಬಹುದು, ಲಂಗರು ಹಾಕಿ ದ್ವೀಪದ ಪಕ್ಕ ಕೂತಿರೋ ಹಡಗು ಎಲ್ಲಿಗೆ ಹೋಗುತ್ತೆ? ಬಚ್ಚಿಟ್ಕೊಳ್ಳೋಕೆ ಅಂತ ಆರಿಸಿದ ಜಾಗಾನೇ ಕುತ್ತಿಗೆಗೆ ಬಂತು. ಒಂದು ಗಂಟೆ ಒಳಗೆ ಎಲ್ಲಾ ಮುಗಿದಿತ್ತು. ಆ ಟಾಸ್ಕ್ ಫೋರ್ಸ್‌ನಲ್ಲಿದ್ದ ಇಂಟ್ರೆಪಿಡ್ ಅನ್ನೋ ಕ್ಯಾರಿಯರ್ ಈಗ ನ್ಯೂಯಾರ್ಕ್‌ನಲ್ಲಿ ಮ್ಯೂಸಿಯಂ ಆಗಿ ನಿಂತಿದೆ, ಆ ಕಡೆ ಇರೋ ನಮ್ಮವ್ರು ಹೋಗಿ ಡೆಕ್ ಮೇಲೆ ನಡೆದ್ರೆ ಸೈಜ್ ಎಷ್ಟು ಅಂತ ಗೊತ್ತಾಗುತ್ತೆ.

ಇದಕ್ಕೂ ಮುಂಚೆ, ಸೆಪ್ಟೆಂಬರ್ ಎರಡನೇ ವಾರದಲ್ಲಿ ಫಿಲಿಪೀನ್ಸ್ ಮೇಲೆ ಮಾಡಿದ ದಾಳಿಗಳಲ್ಲಿ ಜಪಾನ್ ಕಡೆಯಿಂದ ಎದುರೇಟು ಅಷ್ಟಾಗಿ ಬರ್ಲಿಲ್ಲ, ಅದನ್ನ ನೋಡಿನೇ ಹಾಲ್ಸಿ ಮಿಂಡನಾವೋ ದ್ವೀಪ ಬಿಟ್ಟು ನೇರ ಲೇಟೆ ದ್ವೀಪಕ್ಕೆ ಸೈನ್ಯ ಇಳಿಸೋಣ ಅಂದಿದ್ದು, ಡಿಸೆಂಬರ್‌ಗೆ ಅಂತಿದ್ದ ಲೇಟೆ ಪ್ಲಾನು ಅಕ್ಟೋಬರ್ 20ಕ್ಕೇ ಬಂತು. ಇಷ್ಟು ದೊಡ್ಡ ಕಥೇನ ಎರಡು ವಾಕ್ಯದಲ್ಲಿ, ಅದೂ ತಪ್ಪಾಗಿ ಹೇಳಿದ್ರೆ ಸಿಟ್ಟು ಬರಲ್ವಾ.

ಹಡಗುಗಳ ಹತ್ರ ಬರೋಣ. ಮೊದ್ಲು ಇಳಿಸಿದ್ದು ಒಕಿಕಾವಾ ಮಾರು, ಕಾನ್ಸೆಪ್ಸಿಯೋನ್ ಅನ್ನೋ ಹಳ್ಳಿ ಎದುರಿಗಿದೆ, ಎಣ್ಣೆ ಟ್ಯಾಂಕರ್, ಸುಮಾರು 160 ಮೀಟರ್ ಉದ್ದ. ಹಳೇ ಡೈವ್ ಚಾರ್ಟ್‌ಗಳಲ್ಲಿ ಇದನ್ನ ತೈಯೇ ಮಾರು ಅಂತ ಹಾಕಿರ್ತಾರೆ, ಹೆಸರು ಬೇರೆ ಇದ್ರೂ ಹಡಗು ಇದೇ, ಎರಡಕ್ಕೂ ಬೇರೆ ಬೇರೆ ದುಡ್ಡು ಕಟ್ಬೇಡಿ. ನೆಟ್ಟಗೆ ಕೂತಿದೆ, ಡೆಕ್ ಬರೀ ಹತ್ತು ಹದಿನೈದು ಮೀಟರ್ ಆಳದಲ್ಲೇ ಸಿಗುತ್ತೆ, ಬಿಸಿಲು ಬೀಳೋದ್ರಿಂದ ಮೇಲೆಲ್ಲಾ ಹವಳ, ಕಬ್ಬಿಣ ಕಾಣ್ಸೋದೇ ಕಮ್ಮಿ. ಓಪನ್ ವಾಟರ್ ಮಾತ್ರ ಇರೋರಿಗೆ ಇದೇ ಬೆಸ್ಟು. ಹಿಂಭಾಗದಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹೋಗೋ ಸುರಂಗದ ಮೂಲಕ ಇಂಜಿನ್ ರೂಮಿಗೆ ಹೋಗೋ ದಾರಿ ಇದೆ, ಒಬ್ರ ಹಿಂದೆ ಒಬ್ರು ಮಾತ್ರ ಹೋಗೋಷ್ಟು ಜಾಗ, ತಲೆ ಮೇಲೆ ಕೈ ಆಡಿಸೋಕಿಲ್ಲ, ಕೆಳಗೆ ಹಿಟ್ಟಿನಂಥ ಕೆಸರು, ಮುಂದಿನವನು ಫಿನ್ ಜೋರಾಗಿ ಬಡಿದ್ರೆ ಹಿಂದಿನವನಿಗೆ ಪೂರ್ತಿ ಬ್ಲ್ಯಾಕ್‌ಔಟು. ಎಕ್ಸ್‌ಪೀರಿಯೆನ್ಸ್ ಇಲ್ದೋರು ದಯವಿಟ್ಟು ಹೊರಗಡೇನೇ ಸುತ್ತಿ, ಅಲ್ಲೂ ಬೇಕಾದಷ್ಟಿದೆ. ಈ ಡೆಕ್ ಮೇಲೆ ತೇಲ್ತಾ ಇದ್ದಾಗ ನನಗೆ ಅನ್ಸಿದ್ದು, ಯುದ್ಧನೌಕೆ ಮುಳುಗಿದ್ರೆ ಪೇಪರ್‌ನಲ್ಲಿ ದೊಡ್ಡ ಹೆಡ್‌ಲೈನು, ಟ್ಯಾಂಕರ್ ಮುಳುಗಿದ್ರೆ ಯಾರಿಗೂ ಹೆಸರೂ ಗೊತ್ತಾಗಲ್ಲ, ಆದ್ರೆ ಇಂಥವು ಖಾಲಿಯಾಗಿದ್ದಕ್ಕೇ ಅಲ್ವಾ ಯುದ್ಧನೌಕೆಗಳು ಎಣ್ಣೆ ಇಲ್ದೆ ಬಂದರಲ್ಲಿ ಕೂತಿದ್ದು.

ನನ್ನ ಫೇವರಿಟ್ ಕೋಗ್ಯೋ ಮಾರು. ಎಲ್ರೂ ಇರಾಕೋ ಇರಾಕೋ ಅಂತಾರೆ, ಇರ್ಲಿ. ಇದು ಸಾಮಾನು ಸಾಗಿಸೋ ಹಡಗು, ಬಲಕ್ಕೆ ಮಗ್ಗಲು ಹಾಕಿ ಮಲಗಿದೆ, ಸುಮಾರು 22ರಿಂದ 34 ಮೀಟರ್. ಒಳಗೆ ಕಟ್ಟಡದ ಸಾಮಾನು ತುಂಬಿತ್ತು, ಏರ್‌ಫೀಲ್ಡ್ ಕಟ್ಟೋಕೆ ಅಂತಾರೆ. ಸಾಮಾನು ತುಂಬೋ ಹೋಲ್ಡ್ ಒಳಗೆ ಇಳಿದು ಟಾರ್ಚ್ ಬಿಟ್ರೆ ಸಿಮೆಂಟ್ ಮೂಟೆಗಳ ರಾಶಿ. ಹತ್ರ ಹೋಗಿ ನೋಡಿ, ಚೀಲ ಯಾವಾಗ್ಲೋ ಕರಗಿ ಹೋಗಿದೆ, ಸಿಮೆಂಟ್ ಮಾತ್ರ ಮೂಟೆ ಆಕಾರದಲ್ಲೇ ಕಲ್ಲಾಗಿದೆ, ಒಂದರ ಮೇಲೊಂದು ಒತ್ಕೊಂಡು ನಡುವೆ ಉಬ್ಬಿ, ಮೂಲೆಲಿ ಕಿವಿ ತರ ಮಡಿಚ್ಕೊಂಡಿರೋದು ಕೂಡ ಹಂಗೇ ಇದೆ, ಅನ್‌ಲೋಡ್ ಮಾಡೋಕೆ ಕೂಲಿಯೋರು ಇನ್ನೂ ಬಂದಿಲ್ವೇನೋ ಅನ್ನೋ ಹಂಗೆ. ಪಕ್ಕದಲ್ಲಿ ತಂತಿಬೇಲಿ ಸುರುಳಿಗಳು, ಇನ್ನೊಂದು ಕಡೆ ಚಿಕ್ಕ ಬುಲ್ಡೋಜರ್. ಹಡಗು ಮಗ್ಗಲಾಗಿರೋದ್ರಿಂದ ಗೋಡೆ ನೆಲ ಆಗಿದೆ, ನೆಲ ಗೋಡೆ ಆಗಿದೆ, ಮೊದಲ ಎರಡು ನಿಮಿಷ ತಲೆ ಗಿರ್ರನ್ನುತ್ತೆ. ಈ ಸಿಮೆಂಟು ಯಾವ ರನ್‌ವೇಗೆ ಹೋಗ್ಬೇಕಿತ್ತೋ ಆ ರನ್‌ವೇಯಿಂದ ಜಪಾನ್ ಪ್ಲೇನ್‌ಗಳು ಹಾರಿ ಇದೇ ಕ್ಯಾರಿಯರ್‌ಗಳನ್ನ ಹುಡುಕ್ಕೊಂಡು ಹೋಗ್ತಿದ್ವು. ಪ್ಲೇನ್ ಹೊಡೆಯೋ ಬದಲು ಪ್ಲೇನ್ ಇಳಿಯೋ ಜಾಗದ ಸಿಮೆಂಟನ್ನೇ ಮುಳುಗಿಸೋದು, ಹಡಗಿನ ಮೇಲೆ ಯಾಕೆ ಅಷ್ಟು ಬಿದ್ರು ಅನ್ನೋದಕ್ಕೆ ಇದಕ್ಕಿಂತ ಉತ್ತರ ಬೇಕಾ. ಗೈಡ್ ಇಲ್ಲಿ ಬಂದು ಬುಲ್ಡೋಜರ್ ತೋರಿಸಿ ಸ್ಟೀರಿಂಗ್ ಹಿಡಿದಂಗೆ ಆ್ಯಕ್ಟಿಂಗ್ ಮಾಡಿ ಮುಂದಕ್ಕೆ ಹೋದ, ನಗು ಬಂತು, ಬಾಯಲ್ಲಿಟ್ಕೊಂಡಿದ್ದ ರೆಗ್ಯುಲೇಟರ್ ಪಕ್ಕದಿಂದ ಒಂದಿಷ್ಟು ನೀರೂ ಬಂತು.

ಇರಾಕೋ ಜಪಾನ್ ನೌಕಾಪಡೆದು, 1941ರಲ್ಲಿ ಕಟ್ಟಿದ ರೆಫ್ರಿಜರೇಟರ್ ಹಡಗು, ದೂರದಲ್ಲಿರೋ ನೌಕಾಪಡೆಗೆ ಮಾಂಸ, ತರಕಾರಿ, ದಿನಸಿ ತಗೊಂಡು ಹೋಗ್ತಿತ್ತು. ಹಡಗಲ್ಲೇ ಸಿಹಿ ಮಾಡೋ ಜಾಗ ಇತ್ತು, ಮೊನಾಕಾ ಅಂತ ಎರಡು ತೆಳು ಬಿಲ್ಲೆ ಮಧ್ಯ ಹೂರಣ ಇಟ್ಟಿರೋ ತಿಂಡಿ, ಇರಾಕೋ ಮೊನಾಕಾ ಅಂದ್ರೆ ನಾವಿಕರಿಗೆ ಪ್ರಾಣ. ಇದು ಬಂತು ಅಂದ್ರೆ ಬೇಸ್‌ನಲ್ಲಿ ಹಬ್ಬ ಅಂದ್ಕೊಳ್ಳಿ. ಈಗ 42 ಮೀಟರ್ ಹತ್ರ ತಳದಲ್ಲಿ ಕೂತಿದೆ, ಮೇಲ್ಭಾಗ 28, 30ಕ್ಕೆ ಸಿಗುತ್ತೆ. ಅಷ್ಟು ಆಳದಲ್ಲಿ ಗಾಳಿ ಸರ್ರಂತ ಖಾಲಿ ಆಗುತ್ತೆ, ತಲೆ ಸ್ವಲ್ಪ ಮಂಕಾಗುತ್ತೆ, ಡಿಕೊ ಲಿಮಿಟ್ (ದಾರಿಲಿ ನಿಲ್ದೆ ಮೇಲೆ ಬರೋಕಾಗೋ ಹಂಗೆ ಕೆಳಗಿರಬಹುದಾದ ಟೈಮ್) ಬೇಗ ಬರುತ್ತೆ, ಗೇಜ್ ಎರಡು ಸಲ ನೋಡಿದ್ರೆ ಡೈವ್ ಮುಗೀತು ಅನ್ನೋ ಹಂಗೆ. 32 ಪರ್ಸೆಂಟ್ ನೈಟ್ರಾಕ್ಸ್ ಹಾಕ್ಕೊಂಡು ಇಲ್ಲಿ ತಳಕ್ಕೆ ಹೋಗೋ ಹಂಗಿಲ್ಲ, 33 ಮೀಟರ್‌ಗೇ ಅದರ ಲಿಮಿಟ್ಟು, 28 ಪರ್ಸೆಂಟ್ ಮಾಡಿಸ್ಕೊಂಡ್ರೂ 40 ಮೀಟರ್ ದಾಟ್ಬೇಡಿ, ಇಲ್ಲಾಂದ್ರೆ ಡೆಕ್ ಮಟ್ಟದಲ್ಲೇ ಇರಿ. ದೊಡ್ಡ ದೊಡ್ಡ ಗ್ರೂಪರ್ ಮೀನು, ಲಯನ್‌ಫಿಶ್, ಕಾರಿಡಾರ್‌ಗಳು, ಎಲ್ಲಾ ಭರ್ಜರಿ, ಆದ್ರೆ ಟೈಮ್ ಸಾಲ್ದು ಅನ್ನೋ ಕೊರಗು ಇದ್ದೇ ಇರುತ್ತೆ.

ಅಕಿತ್ಸುಶಿಮಾ ಮಾತ್ರ ಈ ಗುಂಪಲ್ಲಿ ನೋಡೋಕೇ ಯುದ್ಧದ ಹಡಗು ಅನ್ಸೋದು. ಸೀಪ್ಲೇನ್ ಟೆಂಡರ್, ಅಂದ್ರೆ ನೀರ ಮೇಲೆ ಇಳಿಯೋ ದೊಡ್ಡ ವಿಮಾನಗಳನ್ನ ಹಿಂದಿನ ಕ್ರೇನ್‌ನಲ್ಲಿ ಎತ್ತಿ ಡೆಕ್ ಮೇಲಿಟ್ಕೊಂಡು ರಿಪೇರಿ, ಎಣ್ಣೆ ಎಲ್ಲಾ ನೋಡ್ಕೊಳ್ಳೋ ಹಡಗು, 1942ರಲ್ಲಿ ಸೇವೆಗೆ ಬಂದಿದ್ದು. ಇದು ಟ್ರಕ್ ದಾಳಿ ಟೈಮಲ್ಲೂ ಅಲ್ಲೇ ಇತ್ತು, ಏಟು ತಿಂದು ತಪ್ಪಿಸ್ಕೊಂಡು ಬಂತು, ಏಳು ತಿಂಗಳು ಬಿಟ್ಟು ಕೊರೋನ್‌ನಲ್ಲಿ ಅದೇ ತರದ ಪ್ಲೇನ್‌ಗಳು ಮತ್ತೆ ಹುಡುಕ್ಕೊಂಡು ಬಂದ್ವು. ಹಣೆಬರಹ ಅಂದ್ರೆ ಇದೇ ನೋಡಿ. ಎಡಕ್ಕೆ ಮಲಗಿದೆ, ಕ್ರೇನ್ ಮರಳಿನ ಮೇಲೆ ಉದ್ದಕ್ಕೂ ಬಿದ್ದಿದೆ, ಅದರ ಹಂದರದ ಒಳಗೆಲ್ಲಾ ಮೀನುಗಳ ಹಿಂಡು. ಬಾಂಬ್ ಬಿದ್ದು ಹರಿದಿರೋ ಕಡೆ ಉಕ್ಕಿನ ತಗಡು ಕಾಗದ ಹರಿದಂಗೆ ಹೊರಗೆ ಬಿಚ್ಕೊಂಡಿದೆ, ಅಲ್ಲಿಂದ ಒಳಗೆ ನೋಡಿದ್ರೆ ದೊಡ್ಡ ದೊಡ್ಡ ಗೇರ್ ಚಕ್ರದ ಹಲ್ಲುಗಳು ಕಾಣ್ಸುತ್ತೆ, ನಾಲ್ಕು ಡೀಸೆಲ್ ಇಂಜಿನ್ ಇದ್ವು ಇದಕ್ಕೆ. ಮೆಕ್ಯಾನಿಕಲ್ ಇಂಜಿನಿಯರ್‌ಗಳು ಯಾರಾದ್ರೂ ಇದ್ರೆ ಅಲ್ಲೇ ಗಾಳಿ ಖಾಲಿ ಮಾಡ್ಕೊಂಡು ನಿಲ್ತೀರಾ, ಹುಷಾರು.

ಒಲಿಂಪಿಯಾ ಮಾರು ಬಗ್ಗೆ ಜಾಸ್ತಿ ಹೇಳಲ್ಲ, ಬಾಯ್ಲರ್‌ಗಳು ಚೆನ್ನಾಗಿದಾವೆ, ಕ್ರೊಕೊಡೈಲ್ ಫಿಶ್ ಗ್ಯಾರಂಟಿ ಅಂತಾರೆ, ನಮಗೂ ಸಿಕ್ತು. ವಿಸಿಬಿಲಿಟಿ ಎಲ್ಲಾ ಕಡೆ ಹಸಿರು ಹಸಿರು, ಹತ್ತು ಮೀಟರ್ ಸಿಕ್ರೆ ಪುಣ್ಯ, ಅಂಡಮಾನ್ ನೀರು ತಲೆಲಿಟ್ಕೊಂಡು ಬಂದ್ರೆ ನಿರಾಸೆ ಆಗುತ್ತೆ.

ಈಗ ಬೈಗುಳ. ನಾವು ಹೋದ ಶಾಪ್‌ನವ್ರು ಒಬ್ಬ ಗೈಡ್‌ಗೆ ಆರು ಜನ ಕಟ್ಟಿದ್ರು, ಮುಳುಗಿದ ಹಡಗಿನ ಒಳಗೆ ಹೋಗೋಕೆ ಇದು ತುಂಬಾ ಜಾಸ್ತಿ. ಬಾಡಿಗೆ ಟಾರ್ಚ್ ಒಂದು ಒಕಿಕಾವಾ ಸುರಂಗದೊಳಗೇ ಮಂಕಾಯ್ತು, ಹಿಂದಿದ್ದ ಫ್ರೆಂಡು ನನ್ ಫಿನ್ ಹಿಡ್ಕೊಂಡೇ ಹೊರಗೆ ಬಂದ, ಮೇಲೆ ಬಂದು "ಮಗಾ ಇನ್ನೊಂದ್ಸಲ ಒಳಗೆ ಕರೀಬೇಡ" ಅಂದ. ಗುಂಪಲ್ಲಿ ಒಬ್ರಿಗೆ ಅಡ್ವಾನ್ಸ್ಡ್ ಇರ್ಲೇ ಇಲ್ಲ, ಇರಾಕೋಗೆ ಬಂದ್ರು, ಕಾರ್ಡ್ ಕೇಳಿದ್ರೆ ತಾನೇ ಗೊತ್ತಾಗೋದು. ಮ್ಯಾನೇಜರ್ ಹತ್ರ ಹೇಳಿದ್ದಕ್ಕೆ ಸಾರಿ ಸರ್ ಅಂದು ಮಾರನೇ ದಿನ ಇಬ್ರು ಗೈಡ್ ಕಳಿಸಿದ್ರು, ಟಾರ್ಚ್‌ಗಳನ್ನೂ ಬದಲಾಯಿಸಿದ್ರು, ಅದಕ್ಕೆ ಒಂದು ಸ್ಟಾರ್ ವಾಪಸ್ ಕೊಟ್ಟಿದೀನಿ. ಕೇಳಿದ್ರೆ ಮಾಡ್ತಾರೆ, ಕೇಳ್ಬೇಕು ಅಷ್ಟೇ. ಟಾರ್ಚ್ ಮಾತ್ರ ಸ್ವಂತದ್ದು ಎರಡು ತಗೊಂಡು ಹೋಗಿ.

ಇನ್ನೊಂದು ಕಥೆ ಊರಲ್ಲಿ ಎಲ್ಲಿ ಹೋದ್ರೂ ಹೇಳ್ತಾರೆ. ಹಡಗುಗಳಿಗೆ ಗಿಡ ಸೊಪ್ಪು ಹೊದಿಸಿ ದ್ವೀಪದ ತರ ವೇಷ ಹಾಕಿದ್ರಂತೆ, ಅಮೇರಿಕಾದವ್ರು ಮೇಲಿಂದ ತೆಗೆದ ಫೋಟೋಗಳಲ್ಲಿ ನಿನ್ನೆ ಇದ್ದ ದ್ವೀಪ ಇವತ್ತು ಜಾಗ ಬದಲಾಯಿಸಿತ್ತಂತೆ, ಅದರಿಂದ ಸಿಕ್ಕಿಬಿದ್ರಂತೆ. ಕೇಳೋಕೆ ಮಜಾ ಇದೆ, ನಾನು ಪೂರ್ತಿ ನಂಬಲ್ಲ, ಮರೆಮಾಚೋದು ಆಗಿನ ಕಾಲಕ್ಕೆ ಮಾಮೂಲಿ, ಆದ್ರೆ ಮನಿಲಾದಿಂದ ಓಡಿದ ಹಡಗುಗಳು ಎಲ್ಲಿ ಸೇರ್ಕೊಂಡಿರ್ಬಹುದು ಅಂತ ಹುಡುಕೋಕೆ ಪ್ಲೇನ್ ಕಳಿಸ್ತಿದ್ದೋರಿಗೆ 160 ಮೀಟರ್ ಟ್ಯಾಂಕರ್ ಕಾಣೋಕೆ ದ್ವೀಪ ನಡೆಯೋವರೆಗೂ ಕಾಯ್ಬೇಕಿರ್ಲಿಲ್ಲ. ಯಮಾಶಿತಾ ಚಿನ್ನ (ಜಪಾನಿ ಸೈನ್ಯ ಬಚ್ಚಿಟ್ಟಿತ್ತು ಅನ್ನೋ ನಿಧಿ) ಇಲ್ಲೇ ಎಲ್ಲೋ ಇದೆ ಅಂತ ಎರಡನೇ ಬಿಯರ್ ಆದ್ಮೇಲೆ ಶುರು ಮಾಡ್ತಾರೆ, ಅದಕ್ಕಂತೂ ಉತ್ತರಾನೇ ಕೊಡ್ಬೇಡಿ.

ಹೋಲಿಕೆಗೆ ಹೇಳ್ಬೇಕಂದ್ರೆ ಕೊರೋನ್ ಚಿಕ್ಕ ಎಪಿಸೋಡು. ಇದಾದ್ಮೇಲೆ 1945 ಜನವರಿ 12ಕ್ಕೆ ಹಾಲ್ಸಿ ಕ್ಯಾರಿಯರ್‌ಗಳನ್ನ ದಕ್ಷಿಣ ಚೀನಾ ಸಮುದ್ರದೊಳಗೇ ನುಗ್ಗಿಸಿ ಇಂಡೋಚೈನಾ ತೀರದಲ್ಲಿ ಒಂದೇ ದಿನ 44 ಹಡಗು ಮುಳುಗಿಸಿದ, ಏಪ್ರಿಲ್ 7ಕ್ಕೆ ಯಮಾಟೊ ಅನ್ನೋ ಜಪಾನ್‌ನ ದೊಡ್ಡ ಯುದ್ಧನೌಕೆ ಹೋಯ್ತು, ಜುಲೈನಲ್ಲಿ ಹೊಕ್ಕೈಡೋ ಕಲ್ಲಿದ್ದಲು ದಾಟಿಸೋ ಫೆರಿಗಳನ್ನೂ ಬಿಡ್ಲಿಲ್ಲ. ಆದ್ರೆ ಮಾಮೂಲಿ ರಜಾದ ಡೈವರ್‌ಗೆ ಕೈಗೆಟುಕೋ ಆಳದಲ್ಲಿ, ಒಂದೇ ಬೆಳಗಿನ ದಾಳಿಗೆ ಸಿಕ್ಕ ಇಷ್ಟೊಂದು ಹಡಗು ಇಷ್ಟು ಹತ್ರ ಹತ್ರ ಸಿಗೋ ಜಾಗ ಕೊರೋನ್. ಟ್ರಕ್ ಇನ್ನೂ ದೊಡ್ಡದು, ಆದ್ರೆ ಅಲ್ಲಿಗೆ ಹೋಗೋ ಟಿಕೆಟ್ ನೋಡಿದ್ರೆ ಬಿಪಿ ಏರುತ್ತೆ.

ಖರ್ಚು: ಮೂರು ಡೈವ್, ಊಟ, ಗೈಡ್, ಗೇರ್ ಎಲ್ಲಾ ಸೇರಿ ತಲೆಗೆ ಐದು ಸಾವಿರ ಪೆಸೊ ಆಸುಪಾಸು ಬಿತ್ತು ದಿನಕ್ಕೆ, ನೈಟ್ರಾಕ್ಸ್ ಬೇರೆ, ಹಡಗು ನೋಡೋ ಫೀಸ್ ಬೇರೆ, ಅದನ್ನ ಬೋರ್ಡ್ ಮೇಲೆ ಹಾಕಿರಲ್ಲ, ಬಿಲ್ ಬಂದಾಗ ಹೇಳ್ತಾರೆ, ಮೊದ್ಲೇ ಕೇಳ್ಕೊಳ್ಳಿ. ಕಾರ್ಡ್ ಸ್ವೈಪ್ ಮಾಡಿದ್ರೆ ಎಕ್ಸ್‌ಟ್ರಾ ಹಾಕ್ತಾರೆ, ಎಟಿಎಂಗಳಲ್ಲಿ ವೀಕೆಂಡ್ ಕ್ಯೂ, ಮನಿಲಾದಲ್ಲೇ ಪೆಸೊ ಇಟ್ಕೊಂಡು ಬನ್ನಿ. ನವೆಂಬರ್‌ನಿಂದ ಮೇ ಒಳಗೆ ಹೋಗಿ, ಮಳೆಗಾಲದಲ್ಲಿ ದೋಣಿ ಕ್ಯಾನ್ಸಲ್ ಆಗೋ ಚಾನ್ಸ್ ಜಾಸ್ತಿ.

ಶಾಪ್ ಆರಿಸುವಾಗ ಮೂರು ಪ್ರಶ್ನೆ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ, ಕೋಗ್ಯೋ ಮಾರು ಲಿಸ್ಟ್‌ನಲ್ಲಿ ಇದೆಯಾ (ಸುಮಾರು ಜನ ಬಿಟ್ಬಿಡ್ತಾರೆ), ಮತ್ತೆ ಬಾಂಬ್ ಹಾಕಿದ ಪ್ಲೇನ್‌ಗಳು ಎಲ್ಲಿಂದ ಬಂದ್ವು. ಮೂರನೇದಕ್ಕೆ ಸರಿ ಉತ್ತರ ಕೊಡೋ ಶಾಪ್ ಸಿಕ್ರೆ ನನಗೂ ಹೇಳಿ, ಮುಂದಿನ ಸಲ ಅಲ್ಲಿಗೇ ಹೋಗ್ತೀನಿ.

ಕೊನೆ ಡೈವ್‌ಗೂ ಫ್ಲೈಟ್‌ಗೂ ನಡುವೆ ಕನಿಷ್ಠ 18 ಗಂಟೆ ಬಿಡಿ, ಚಿಕ್ಕ ಪ್ಲೇನ್ ಪರವಾಗಿಲ್ಲ ಅಂತ ಶಾಪ್‌ನವ್ರು ಹೇಳಿದ್ರೆ ಕೇಳ್ಬೇಡಿ. ಆ ಖಾಲಿ ದಿನಕ್ಕೆ ಮಕಿನಿಟ್ ಅಂತ ಉಪ್ಪುನೀರಿನ ಬಿಸಿ ಬುಗ್ಗೆ ಇದೆ, ಡೈವ್ ಮಾಡಿದ ತಕ್ಷಣ ಬಿಸಿನೀರಿಗೆ ಇಳೀಬಾರ್ದು, ಮಾರನೇ ದಿನ ಹೋಗಿ. ಟ್ರೈಸಿಕಲ್‌ನೋರ ಹತ್ರ ಹೋಗೋಕೂ ಬರೋಕೂ ಸೇರಿಸಿನೇ ರೇಟ್ ಮಾತಾಡ್ಕೊಳ್ಳಿ, ವಾಪಸ್ ಬರೋಕೆ ಅಲ್ಲಿ ಬೇರೆ ಗಾಡಿ ಸಿಗಲ್ಲ.